ಅರ್ಥವನ್ನು ಅಲಂಕಾರದಲ್ಲಿ ಅಡಗಿಸಬಾರದು



ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಹೆಸರುಪಟ್ಟಿಯ ಎರಡನೆಯ ಮುದ್ರಣದ ಕರಡು ಕಳೆದ ತಿಂಗಳು ನನ್ನ ಕೈಸೇರಿತು. ತಿದ್ದಲು ಕುಳಿತವನಿಗೆ ಮೊದಲ ಪುಟದಲ್ಲಿಯೇ ‘ಪಾವರ್ತಿ’ ಎಂಬ ಹೆಸರು ಎದುರಾಯಿತು. ಹೀಗೂ ಒಂದು ಹೆಸರುಂಟೇ ಎಂದು ಯೋಚಿಸುತ್ತ ಪುಟ ತಿರುವಿದರೆ ಇನ್ನೊಬ್ಬ ‘ಪಾವರ್ತಿ’, ಅದರ ಕೆಳಗೆ ಒಬ್ಬ ‘ಸೂಯರ್ನಾರಾಯಣ’, ಮುನ್ನುಡಿಯಲ್ಲಿ ‘ಕಾಯರ್ಕ್ರಮ’. ಆಗ ಅರ್ಥವಾಯಿತು. ನಮ್ಮ ಪಾರ್ವತಿಯರು, ಸೂರ್ಯನಾರಾಯಣರು ದತ್ತಸಂಚಯದಿಂದ ಹೊರಟು ಅಚ್ಚಿನ ಪುಟಕ್ಕೆ ಬರುವ ದಾರಿಯಲ್ಲಿ ಹೆಸರು ಕೆಡಿಸಿಕೊಂಡಿದ್ದರು.

ದತ್ತಸಂಚಯವೆಂದರೆ ನೀವೆಲ್ಲ ಡೇಟಾಬೇಸ್ ಎಂದು ಕರೆಯುವ ವಸ್ತು. ಅದರಲ್ಲಿರುವ ಬರಹವನ್ನು ವರ್ಡ್ ಕಡತಕ್ಕೆ ತರುವ ಕೆಲಸ ಹೊರನೋಟಕ್ಕೆ ಬಹಳ ಸರಳ. ಒಂದು ಪಾತ್ರೆಯ ನೀರನ್ನು ಇನ್ನೊಂದಕ್ಕೆ ಬಗ್ಗಿಸಿದಂತೆ ಎಂದು ನಾನೂ ಭಾವಿಸಿದ್ದೆ. ಹಾಗಲ್ಲವೆಂದು ಕಲಿಯಲು ನನಗೆ ಎರಡು ಮುದ್ರಣಗಳು ಬೇಕಾದವು. ಆ ಕಲಿಕೆಯ ಬೆಲೆಯನ್ನು ನಾನೊಬ್ಬನೇ ತೆತ್ತಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಬೇರೆಯವರೂ ತೆತ್ತರು. ಆದ್ದರಿಂದ ಈ ಬರಹ.

2006ರಲ್ಲಿ ಶಾಲೆಯ ಸುವರ್ಣ ಮಹೋತ್ಸವ ನಡೆದಾಗ ದಾಖಲಾತಿ ಪುಸ್ತಕಗಳನ್ನು ಮುಂದಿಟ್ಟುಕೊಂಡು ಪಟ್ಟಿಯನ್ನು ಮೊದಲು ವರ್ಡ್‌ನಲ್ಲಿ ನಾನೇ ಬೆರಳಚ್ಚು ಮಾಡಿದೆ. ನಿವೃತ್ತಿಯ ನಂತರ ಕಲಿತ ವಿದ್ಯೆ. ದಿನಕ್ಕೆ ಇಪ್ಪತ್ತು ಹೆಸರಾದರೆ ಅದೇ ದೊಡ್ಡದು. ಹೆಸರನ್ನು ದಪ್ಪಕ್ಷರದಲ್ಲಿಯೂ, ಊರನ್ನು ಸಾಮಾನ್ಯ ಅಕ್ಷರದಲ್ಲಿಯೂ ಬರೆದೆ. ನಮ್ಮನ್ನು ಅಗಲಿದವರ ಹೆಸರುಗಳನ್ನು ಮಾತ್ರ ಓರೆ ಅಕ್ಷರದಲ್ಲಿ ಬರೆದೆ. ಹೆಸರಿನ ಮುಂದೆ ‘ದಿವಂಗತ’ ಎಂದು ಸಾಲುಸಾಲಾಗಿ ಬರೆಯಲು ಮನಸ್ಸು ಒಪ್ಪಲಿಲ್ಲ. ಸ್ವಲ್ಪ ಬಾಗಿದ ಅಕ್ಷರ ಸಾಕು, ತಿಳಿಯುವವರಿಗೆ ತಿಳಿಯುತ್ತದೆ ಎಂದುಕೊಂಡೆ.

ಆಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ನನ್ನ ಒಬ್ಬ ಹಳೆಯ ವಿದ್ಯಾರ್ಥಿ, “ಸಾರ್, ಇದನ್ನು ಹೀಗೆ ಬಿಟ್ಟರೆ ಹುಡುಕಲು ಬರುವುದಿಲ್ಲ. ಆ್ಯಕ್ಸೆಸ್‌ಗೆ ಹಾಕಿಕೊಡುತ್ತೇನೆ. ಆಮೇಲೆ ಬೇಕಾದ ಹಾಗೆ ವರ್ಡ್‌ಗೆ ತೆಗೆದುಕೊಳ್ಳಬಹುದು” ಎಂದ. ಪಟ್ಟಿಯನ್ನು ಎಕ್ಸೆಲ್‌ನ ಮೂಲಕ ಆ್ಯಕ್ಸೆಸ್‌ಗೆ ಏರಿಸಿದ. ಆಮಂತ್ರಣ ಪತ್ರಗಳನ್ನು ಕಳುಹಿಸುವ ಸಮಯ ಬಂದಾಗ ಅದೇ ಮಾಹಿತಿಯನ್ನು ಮತ್ತೆ ಎಕ್ಸೆಲ್‌ಗೆ ಇಳಿಸಿ, ವರ್ಡ್‌ನ ಮೇಲ್ ಮರ್ಜ್ ಸೌಲಭ್ಯದಿಂದ ಸಾವಿರಕ್ಕೂ ಮಿಕ್ಕಿದ ಪತ್ರಗಳನ್ನು ಒಂದೇ ಮಧ್ಯಾಹ್ನದಲ್ಲಿ ಸಿದ್ಧಪಡಿಸಿದೆವು. ಪ್ರತಿಯೊಂದರ ಮೇಲೂ ಹೆಸರು, ಪ್ರತಿಯೊಂದರಲ್ಲೂ ‘ಸಕುಟುಂಬ ಸಪರಿವಾರ ಸಮೇತರಾಗಿ ಬರಬೇಕು’ ಎಂಬ ಒಕ್ಕಣೆ. ಎಲ್ಲರಿಗೂ ಸಂತೋಷವೋ ಸಂತೋಷ.

ಪತ್ರಗಳು ಅಂಚೆಗೆ ಬಿದ್ದ ಐದಾರು ದಿನಗಳ ಮೇಲೆ ಒಬ್ಬ ಹಿರಿಯರು ನಮ್ಮ ಮನೆಯ ಜಗಲಿಯ ಮೇಲೆ ಬಂದು ಕುಳಿತರು. ಕೈಯಲ್ಲಿ ನಮ್ಮ ಆಮಂತ್ರಣವಿತ್ತು. “ಮೇಷ್ಟ್ರೇ, ಇದು ನಮ್ಮ ಹುಡುಗನ ಹೆಸರಿಗೆ ಬಂದಿದೆ. ಅವನ ತಾಯಿ ಇದನ್ನು ನೋಡಿದಾಗಿನಿಂದ ಸರಿಯಾಗಿ ಊಟ ಮಾಡಿಲ್ಲ. ನಿಮ್ಮ ಮೇಲೆ ಕೋಪವೇನೂ ಇಲ್ಲ. ಪಟ್ಟಿಯಲ್ಲಿ ಸರಿಮಾಡಿಕೊಳ್ಳಿ, ಅಷ್ಟೇ” ಎಂದರು. ಹುಡುಗ ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ಅದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅವನ ಹೆಸರನ್ನು ಓರೆ ಅಕ್ಷರದಲ್ಲಿ ಬರೆದವನು ನಾನೇ.

ಆದರೆ ಆ ಓರೆ ಆ್ಯಕ್ಸೆಸ್‌ಗೆ ಹೋಗಲೇ ಇಲ್ಲ. ಆ ಕಾಲದ ಆ್ಯಕ್ಸೆಸ್‌ನ ಖಾನೆಗಳು ಅಕ್ಷರಗಳನ್ನು ಇಟ್ಟುಕೊಳ್ಳುತ್ತಿದ್ದವೇ ಹೊರತು ಅಕ್ಷರಗಳ ಉಡುಪನ್ನು ಇಟ್ಟುಕೊಳ್ಳುತ್ತಿರಲಿಲ್ಲ. ದಪ್ಪ, ಓರೆ, ಅಡಿಗೆರೆ, ಬಣ್ಣ ಎಲ್ಲವೂ ಬಾಗಿಲಿನಲ್ಲಿಯೇ ಕಳಚಿ ಬಿದ್ದಿದ್ದವು. ಹೆಸರಿನ ದಪ್ಪ ಹೋದರೆ ನಷ್ಟವಿಲ್ಲ, ಮತ್ತೆ ಕೊಡಬಹುದು. ಆದರೆ ಓರೆಯೊಡನೆ ಹೋದದ್ದು ಒಂದು ಸಂಗತಿ. ಇದ್ದವರೂ ಇಲ್ಲದವರೂ ಒಂದೇ ಸಾಲಿನಲ್ಲಿ ನಿಂತರು. ಯಂತ್ರವನ್ನು ದೂರಿ ಪ್ರಯೋಜನವಿಲ್ಲ. ಹೇಳಬೇಕಾದ ಮಾತನ್ನು ಮಾತಾಗಿ ಹೇಳದೆ ಅಲಂಕಾರದಲ್ಲಿ ಅಡಗಿಸಿಟ್ಟವನು ನಾನು. ಆ ಮನೆಗೆ ಹೋಗಿ ತಾಯಿಯವರ ಕ್ಷಮೆ ಕೇಳಿ ಬಂದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನನ್ನ ಪಾಲಿಗೆ ನಿಜವಾಯಿತು.

ಅಂದಿನಿಂದ ನನ್ನ ಅಭಿಪ್ರಾಯ ಇದು. ದತ್ತಸಂಚಯದಲ್ಲಿ ಇರಬೇಕಾದದ್ದು ಸಂಗತಿ. ಉಡುಪನ್ನು ತೊಡಿಸಬೇಕಾದದ್ದು ವರ್ಡ್‌ನಲ್ಲಿ. ಉಡುಪಿನಲ್ಲಿಯೇ ಏನಾದರೂ ಸಂಗತಿ ಅಡಗಿದ್ದರೆ, ಸಾಗಿಸುವ ಮುನ್ನ ಅದನ್ನು ಹೊರತೆಗೆದು ಅದಕ್ಕೊಂದು ಪ್ರತ್ಯೇಕ ಖಾನೆ ಕೊಡಬೇಕು. ಇದು ಕೇವಲ ಓರೆ ಅಕ್ಷರದ ಮಾತಲ್ಲ. ನಮಗಾದ ಇತರ ಎಡವಟ್ಟುಗಳನ್ನು ಒಂದೊಂದಾಗಿ ನೋಡಿದರೆ ಎಲ್ಲದರ ಬೇರೂ ಇಲ್ಲಿಯೇ ಇದೆ.

ಮೊದಲನೆಯದು ಜನ್ಮದಿನಾಂಕ. ಹಿಂದೆ ನಮ್ಮ ಕಡೆ ಮಗುವನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಮೇಷ್ಟ್ರುಗಳೇ ಲೆಕ್ಕ ಹಾಕಿ ಜೂನ್ 1 ಎಂದು ಬರೆದುಬಿಡುತ್ತಿದ್ದುದು ನಿಮಗೆ ಗೊತ್ತೇ ಇದೆ. ನಿಮ್ಮಲ್ಲಿ ಹಲವರ ಆ ಜನ್ಮದಿನಕ್ಕೆ ನನ್ನ ಕೈಬರಹವೇ ಆಧಾರ! ಮೊದಲ ಮುದ್ರಣದ ಕರಡಿನಲ್ಲಿ ಅವರೆಲ್ಲರೂ 6/1ರಂದು ಹುಟ್ಟಿದ್ದರು. ಓದಿದವರು ಜನವರಿ 6 ಎಂದುಕೊಳ್ಳುವುದು ಸಹಜ. ಕಾರಣವಿಷ್ಟೆ: ಎಕ್ಸೆಲ್‌ನ ಒಳಗೆ ದಿನಾಂಕವೆಂಬುದು ಬರಿಯ ಒಂದು ಸಂಖ್ಯೆ. 1947ರ ಆಗಸ್ಟ್ 15 ಅದಕ್ಕೆ 17394. 2000ದ ಜನವರಿ 1 ಅದಕ್ಕೆ 36526. ದಿನ ಮೊದಲೋ ತಿಂಗಳು ಮೊದಲೋ ಎಂಬುದು ತೋರಿಕೆಯ ಉಡುಪು. ಮೇಲ್ ಮರ್ಜ್ ಆ ಉಡುಪನ್ನು ಹಿಂದೆ ಬಿಟ್ಟು, ತನಗೆ ಅಭ್ಯಾಸವಾದ ಅಮೆರಿಕದ ಕ್ರಮದಲ್ಲಿ ತಿಂಗಳನ್ನು ಮುಂದಿಟ್ಟಿತು. ವರ್ಡ್‌ನ ಸ್ಥಳಸೂಚಕದಲ್ಲಿ ದಿನ, ತಿಂಗಳು, ವರ್ಷ ಎಂಬ ಕ್ರಮವನ್ನು ನಾವೇ ನಮೂದಿಸಿದ ಮೇಲೆ ಎಲ್ಲರೂ ಮತ್ತೆ ಜೂನ್‌ಗೆ ಮರಳಿದರು.

ಎರಡನೆಯದು ‘ನೆನಪು’ ಎಂಬ ಖಾನೆ. ಪ್ರತಿಯೊಬ್ಬರೂ ಶಾಲೆಯ ಬಗ್ಗೆ ನಾಲ್ಕು ಮಾತು ಬರೆದು ಕಳುಹಿಸಿದ್ದರು. ಕರಡಿನಲ್ಲಿ ಒಬ್ಬನ ನೆನಪಿನ ಕೊನೆ ಹೀಗಿತ್ತು: “ಒಂದು ದಿನ ಮೇಷ್ಟ್ರು ನನ್ನನ್ನು ತರಗತಿಯಿಂದ ಹೊರಗೆ ಹಾಕಿದರು”. ಅಷ್ಟಕ್ಕೇ ಮುಗಿದಿತ್ತು. ನಾನು ಅಷ್ಟು ಕಠಿಣನಾಗಿದ್ದೆನೇ ಎಂದು ಬೇಸರವಾಗಿ ಅವನು ಬರೆದ ಮೂಲ ಪತ್ರವನ್ನು ತೆಗೆದು ನೋಡಿದೆ. “ಎಂದು ಊರೆಲ್ಲ ಸುದ್ದಿಯಾಯಿತು. ನಿಜವಾಗಿ ನನಗೆ ಜ್ವರ ಬಂದಿತ್ತು, ಅವರೇ ಸೈಕಲ್ಲಿನಲ್ಲಿ ಕೂರಿಸಿಕೊಂಡು ಮನೆಗೆ ಬಿಟ್ಟರು” ಎಂದು ಮುಂದುವರಿದಿತ್ತು! ಎಕ್ಸೆಲ್ ಕಡತವನ್ನು ವರ್ಡ್‌ಗೆ ಒಪ್ಪಿಸುವ ನಡುವಿನ ತಂತ್ರಾಂಶ ಮೊದಲ ಎಂಟು ಸಾಲುಗಳನ್ನು ಮಾತ್ರ ನೋಡಿ ಆ ಖಾನೆ ಯಾವ ಬಗೆಯದೆಂದು ಊಹಿಸುತ್ತದೆ. ನಮ್ಮ ಮೊದಲ ಎಂಟು ಮಂದಿ ಮಿತಭಾಷಿಗಳು. ಇದು ಚಿಕ್ಕ ಬರಹಗಳ ಖಾನೆಯೆಂದು ಬಗೆದ ತಂತ್ರಾಂಶ ಉಳಿದವರೆಲ್ಲರ ಮಾತನ್ನು 255 ಸಂಕೇತಗಳಿಗೆ ಕತ್ತರಿಸಿತು. ಅಂದಿನ ಕನ್ನಡ ಫಾಂಟ್‌ಗಳಲ್ಲಿ ಒಂದು ಅಕ್ಷರಕ್ಕೆ ಎರಡು ಮೂರು ಸಂಕೇತಗಳು ಖರ್ಚಾಗುತ್ತಿದ್ದುದರಿಂದ ನಾಲ್ಕು ಮಾತು ಬರೆದವರಿಗೆ ಎರಡೂ ದಕ್ಕಲಿಲ್ಲ. ಇದೇನಿದು ಎಂದು ನಾವು ಹೇಳದಿದ್ದರೆ ಯಂತ್ರ ಊಹಿಸುತ್ತದೆ. ಊಹೆ ತಪ್ಪಿದರೂ ತುಟಿ ಬಿಚ್ಚುವುದಿಲ್ಲ.

ಮೂರನೆಯದು, ಎಲ್ಲಕ್ಕಿಂತ ಆಳವಾದದ್ದು, ಕನ್ನಡ ಅಕ್ಷರದ್ದೇ ಸಮಸ್ಯೆ. ಅಂದು ನಾವೆಲ್ಲ ಬರೆಯುತ್ತಿದ್ದುದು ನುಡಿ ಅಥವಾ ಬರಹ ತಂತ್ರಾಂಶದ ಫಾಂಟ್‌ಗಳಲ್ಲಿ. ಆ ತಂತ್ರಾಂಶಗಳಿಗೆ ನಾನು ಕೃತಜ್ಞ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಬಳಿಕ ಕನ್ನಡ ಗಣಕ ಪರಿಷತ್ತಿನ ನುಡಿ, ಅದರ ಕೀಲಿಮಣೆಗೆ ತಳಹದಿಯಾದ ಕೆ. ಪಿ. ರಾವ್ ಅವರ ವಿನ್ಯಾಸ ಇವು ಇಲ್ಲದಿದ್ದರೆ ನನ್ನಂಥವರು ಗಣಕಯಂತ್ರದ ಹತ್ತಿರವೂ ಸುಳಿಯುತ್ತಿರಲಿಲ್ಲ. ಆದರೆ ಆ ಫಾಂಟ್‌ಗಳಲ್ಲಿ ಕಡತದೊಳಗೆ ಉಳಿಯುತ್ತಿದ್ದುದು ಕನ್ನಡವಲ್ಲ. ‘ಕನ್ನಡ’ ಎಂದು ನುಡಿಯಲ್ಲಿ ಬರೆದರೆ ಒಳಗೆ ಇರುತ್ತಿದ್ದುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರು ಹೊತ್ತ ಎ, ಪೌಂಡ್ ಹಣದ ಗುರುತು, ಮತ್ತೆ ಗೀರಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಮತ್ತೊಮ್ಮೆ ಗೀರಿನ ಎ, ಹೀಗೆ ಏಳು ಸಂಕೇತಗಳು. ಅವುಗಳಿಗೆ ನುಡಿ ಫಾಂಟ್ ಎಂಬ ಅಂಗಿ ತೊಡಿಸಿದಾಗ ಮಾತ್ರ ಕಣ್ಣಿಗೆ ‘ಕನ್ನಡ’ ಕಾಣುತ್ತಿತ್ತು. ಅಂದರೆ ಇಲ್ಲಿ ಅಂಗಿಯೇ ಅಕ್ಷರ.

ಇನ್ನು ದತ್ತಸಂಚಯ ಅಂಗಿಯನ್ನು ಕಳಚಿಟ್ಟೇ ಒಳಗೆ ಬಿಡುವಂಥದು ಎಂದೆನಲ್ಲ, ಅಲ್ಲಿಂದ ವರ್ಡ್‌ಗೆ ಬಂದ ಹೆಸರುಗಳೆಲ್ಲ ಎ, ಪಿ, ಪೌಂಡ್‌ಗಳ ಜಾತ್ರೆಯಾಗಿದ್ದವು. ಇಡೀ ಪುಟಕ್ಕೆ ನುಡಿ ಫಾಂಟ್ ಕೊಟ್ಟೆವು. ಕನ್ನಡ ಮರಳಿತು, ಆದರೆ ಹೊರದೇಶದಲ್ಲಿರುವವರು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದ ವಿಳಾಸಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾದವು. ಒಂದೇ ಖಾನೆಯಲ್ಲಿ ಕನ್ನಡವನ್ನೂ ಇಂಗ್ಲಿಷನ್ನೂ ಬೆರೆಸಿದ್ದ ಕಡೆಯಲ್ಲೆಲ್ಲ ಪದಪದವಾಗಿ ಕೈಯಿಂದ ಸರಿಪಡಿಸಬೇಕಾಯಿತು. ಅದಕ್ಕೆ ನಾಲ್ಕು ವಾರಗಳು ಹಿಡಿದವು.

ಇದಕ್ಕೆ ನಿಜವಾದ ಪರಿಹಾರ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಅದರಲ್ಲಿ ಸ್ಥಾನವಿತ್ತು. ನಮ್ಮ ಲಿಪಿಗೆಂದೇ 128 ಮನೆಗಳ ಒಂದು ಕೇರಿ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಜೊತೆಗೆ ತುಂಗಾ ಎಂಬ ಕನ್ನಡ ಫಾಂಟ್ ಕೂಡ ಬಂದಿತ್ತು. ಯೂನಿಕೋಡಿನಲ್ಲಿ ‘ಕನ್ನಡ’ ಎಂದರೆ ಕ, ನ, ಹಲಂತದ ಗುರುತು, ಮತ್ತೆ ನ, ಡ: ಐದೇ ಸಂಕೇತಗಳು, ಐದೂ ಕನ್ನಡದವೇ. ಫಾಂಟ್ ಬದಲಾದರೆ ಅಂದ ಬದಲಾಗುತ್ತದೆ, ಅಕ್ಷರ ಬದಲಾಗುವುದಿಲ್ಲ. ಆದರೆ ಅಂದು ಮುದ್ರಣಾಲಯಗಳಲ್ಲಿ ಬಳಕೆಯಲ್ಲಿದ್ದ ಪೇಜ್‌ಮೇಕರ್ ಯೂನಿಕೋಡನ್ನು ಅರಿಯದು. ಆದ್ದರಿಂದ ನಾವು ಹಳೆಯ ಫಾಂಟನ್ನೇ ಹಿಡಿದುಕೊಂಡೆವು. ಆ ಸಾಲ ಬಡ್ಡಿ ಸಮೇತ ಈಗ ತೀರಿಸುವಂತಾಯಿತು.

ಎರಡನೆಯ ಮುದ್ರಣಕ್ಕಾಗಿ ಹಳೆಯ ಮಾಹಿತಿಯನ್ನೆಲ್ಲ ಯೂನಿಕೋಡ್‌ಗೆ ಪರಿವರ್ತಿಸಿದಾಗ ಪಾರ್ವತಿಯರು ಪಾವರ್ತಿಯರಾದದ್ದು ಹೇಗೆಂದು ಈಗ ಹೇಳಬಹುದು. ನಿಮಗೆ ಎರಡನೆಯ ತರಗತಿಯಲ್ಲಿ ಅರ್ಕಾವತ್ತು ಕಲಿಸಿದ್ದು ನೆನಪಿರಬಹುದು. ಬರೆಯುವಾಗ ವ್ಯಂಜನದ ನಂತರ ಬರೆಯುತ್ತೇವೆ, ಓದುವಾಗ ಮೊದಲೇ ಉಚ್ಚರಿಸುತ್ತೇವೆ. ಹಳೆಯ ಫಾಂಟ್‌ಗಳು ಕಣ್ಣಿಗೆ ಕಾಣುವ ಕ್ರಮವನ್ನು ಇಟ್ಟುಕೊಂಡಿದ್ದವು. ಯೂನಿಕೋಡ್ ಉಚ್ಚಾರದ ಕ್ರಮವನ್ನು ಇಟ್ಟುಕೊಳ್ಳುತ್ತದೆ. ನಾವು ಬಳಸಿದ ಪರಿವರ್ತಕ ಈ ವ್ಯತ್ಯಾಸವನ್ನು ತಿಳಿಯದೆ, ಪಾ, ವ, ಅರ್ಕಾವತ್ತು, ತಿ ಎಂದು ಕಂಡದ್ದನ್ನು ಕಂಡ ಸರದಿಯಲ್ಲಿಯೇ ಓದಿತು. ಅರ್ಕಾವತ್ತನ್ನು ಹೊಸದಾಗಿ ಕಲಿಯುವ ಮಗು ಮಾಡುವ ತಪ್ಪೇ ಇದು! ಮೂವತ್ತು ವರ್ಷ ಆ ತಪ್ಪನ್ನು ತಿದ್ದಿದವನು ಮತ್ತೆ ತಿದ್ದಲು ಕುಳಿತೆ. ಮಕ್ಕಳನ್ನು ತಿದ್ದುವಾಗ ಒಮ್ಮೆ ಹೇಳಿದರೆ ಮರುದಿನ ನೆನಪಿರುತ್ತಿತ್ತು; ಇಲ್ಲಿ ಸಾಲುಸಾಲನ್ನೂ ನೋಡಬೇಕಾಯಿತು.

ಇನ್ನೊಂದು ಸೂಕ್ಷ್ಮವಿದೆ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು. ಅದು ಬಿದ್ದುಹೋದರೆ ‘ರಾಜ್ಕುಮಾರ್’ ಎಂದು ಒತ್ತಕ್ಷರವಾಗುತ್ತದೆ. ಮಾಹಿತಿಯನ್ನು ‘ಶುಚಿಗೊಳಿಸುವ’ ಕೆಲವು ತಂತ್ರಾಂಶಗಳು ಕಾಣದ ಸಂಕೇತಗಳನ್ನೆಲ್ಲ ಕಸವೆಂದು ಗುಡಿಸಿಬಿಡುತ್ತವೆ. ಹಾಗೆಯೇ ಯೂನಿಕೋಡನ್ನು ಹಿಡಿದಿಡಲಾರದ ಹಳೆಯ ಬಗೆಯ ಖಾನೆಗೆ ಕನ್ನಡವನ್ನು ತುಂಬಿದರೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಕುಳಿತುಬಿಡುತ್ತವೆ. ಹಾಗೆ ಕುಳಿತ ಮೇಲೆ ಅಲ್ಲಿ ಇದ್ದ ಹೆಸರು ಯಾವುದೆಂದು ಆ ಖಾನೆಯಿಂದ ತಿಳಿಯುವ ದಾರಿಯೇ ಇಲ್ಲ. ಮೂಲ ಪುಸ್ತಕವೊಂದೇ ಗತಿ.

ನನ್ನ ವಿದ್ಯಾರ್ಥಿಯ ವಾದ ಬೇರೆ. “ಸಾರ್, ಅಲಂಕಾರವೇ ಬೇಡ. ಎಲ್ಲವನ್ನೂ ಬರಿಯ ಅಕ್ಷರವಾಗಿ ಇಟ್ಟುಬಿಡೋಣ” ಎನ್ನುತ್ತಾನೆ. ಇದನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ನೆನಪಿನ ಬರಹದಲ್ಲಿ ಒಬ್ಬಳು ತಾನು ಓದಿದ ಪುಸ್ತಕದ ಹೆಸರನ್ನು ಓರೆ ಅಕ್ಷರದಲ್ಲಿ ಬರೆದಿದ್ದರೆ ಆ ಓರೆಗೆ ಒಂದು ಅರ್ಥವಿದೆ. ಕಿತ್ತುಹಾಕಿದರೆ ವಾಕ್ಯ ಕುಂಟುತ್ತದೆ. ಅವನ ಮಾತಿಗೆ ತಾನೇ ಅಪವಾದವಾಗಿ, ಆ್ಯಕ್ಸೆಸ್‌ನ 2007ರ ಆವೃತ್ತಿ ಬಂದಾಗ ಅಲಂಕಾರವನ್ನೂ ಉಳಿಸಿಕೊಳ್ಳುವ ಹೊಸ ಬಗೆಯ ಖಾನೆ ದೊರೆಯಿತೆಂದು ಅವನೇ ಸಂಭ್ರಮಪಟ್ಟಿದ್ದ. ಆದರೆ ಅದು ಅಲಂಕಾರವನ್ನು ಎಚ್‌ಟಿಎಂಎಲ್ ಸಂಕೇತಗಳಾಗಿ ಬರಹದೊಳಗೇ ಬೆರೆಸಿಡುತ್ತದೆ. ಮೇಲ್ ಮರ್ಜ್‌ಗೆ ಆ ಸಂಕೇತಗಳ ಅರ್ಥ ತಿಳಿಯದು. ಕೋನಾಕಾರದ ಕಂಸಗಳ ಸಮೇತ ಅವುಗಳನ್ನು ಹಾಗೆಯೇ ಪುಟದ ಮೇಲೆ ಸುರಿಯಿತು. ಅಲಂಕಾರವನ್ನು ತೊರೆದರೂ ಕಷ್ಟ, ಹೊತ್ತರೂ ಕಷ್ಟ.

ನಾವೀಗ ಹಿಡಿದಿರುವ ದಾರಿ ಮಧ್ಯಮ ಮಾರ್ಗ. ಅಗಲಿದವರಿಗೆ ಒಂದು ಪ್ರತ್ಯೇಕ ಖಾನೆ ಮಾಡಿ, ಅಲ್ಲಿ ಮಾತಿನಲ್ಲಿಯೇ ಬರೆದಿದ್ದೇವೆ. ಆ ಖಾನೆ ತುಂಬಿದ್ದರೆ ಆಮಂತ್ರಣ ಸಿದ್ಧವಾಗುವಾಗ ಆ ಸಾಲನ್ನು ಬಿಟ್ಟು ಮುಂದೆ ಹೋಗಬೇಕೆಂದು ಮೇಲ್ ಮರ್ಜ್‌ಗೆ ನಿಯಮ ಕೊಡಬಹುದು. ಪುಸ್ತಕದಲ್ಲಾದರೆ ಆ ಹೆಸರುಗಳಿಗೆ ಓರೆ ಅಕ್ಷರವನ್ನು ಅದೇ ಖಾನೆಯ ಆಧಾರದ ಮೇಲೆ ಕೊಡಬಹುದು. ಕನ್ನಡ ವಿಳಾಸ ಮತ್ತು ಇಂಗ್ಲಿಷ್ ವಿಳಾಸಗಳಿಗೆ ಬೇರೆ ಬೇರೆ ಖಾನೆಗಳಿವೆ. ನೆನಪಿನ ಬರಹದೊಳಗಿನ ಪುಸ್ತಕದ ಹೆಸರುಗಳ ಎರಡೂ ಬದಿಗೆ ಒಂದೊಂದು ನಕ್ಷತ್ರದ ಗುರುತು ಹಾಕಿದ್ದೇವೆ. ವರ್ಡ್‌ಗೆ ಬಂದ ಮೇಲೆ ಹುಡುಕಿ ಬದಲಿಸುವ ಸೌಲಭ್ಯದಿಂದ ಅವೆಲ್ಲವನ್ನೂ ಒಂದೇ ಬಾರಿಗೆ ಓರೆಯಾಗಿಸಬಹುದು. ಹೆಸರು, ಊರು, ನೆನಪು ಇವಕ್ಕೆ ವರ್ಡ್‌ನಲ್ಲಿ ಒಂದೊಂದು ಶೈಲಿಯನ್ನು ನಿಗದಿ ಮಾಡಿಟ್ಟರೆ, ನಾಳೆ ಅಕ್ಷರದ ಗಾತ್ರ ಬದಲಿಸಬೇಕೆಂದರೂ ಒಂದೇ ಕಡೆ ಬದಲಿಸಿದರೆ ಸಾಕು.

ಇಷ್ಟಾದ ಮೇಲೂ ಯಂತ್ರವನ್ನು ನಂಬಿ ಕಣ್ಣು ಮುಚ್ಚುವಂತಿಲ್ಲ. ಕಳೆದ ಮೂರು ವಾರಗಳಿಂದ ಸಂಜೆ ನಮ್ಮ ಮನೆಯವಳು ಹಳೆಯ ದಾಖಲಾತಿ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾಳೆ, ನಾನು ಕರಡಿನ ಮೇಲೆ ಬೆರಳಿಟ್ಟು ನೋಡುತ್ತೇನೆ. ದಿನಕ್ಕೆ ಐವತ್ತು ಹೆಸರು. ಇದಕ್ಕಿಂತ ನಂಬಿಕೆಯ ವಿಧಾನ ನನಗೆ ಇನ್ನೂ ಕಂಡಿಲ್ಲ.

“ಈಗ ಎಲ್ಲವೂ ಯೂನಿಕೋಡ್, ಇದೆಲ್ಲ ಹಳೆಯ ಕಥೆ” ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಹಳೆಯ ಫಾಂಟ್‌ಗಳಲ್ಲಿ ಬರೆದಿಟ್ಟ ಕಡತಗಳು ಸಂಘಗಳಲ್ಲಿ, ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಇನ್ನೂ ಇವೆ. ಒಂದಲ್ಲ ಒಂದು ದಿನ ಯಾರೋ ಅವನ್ನು ಹೊಸ ದಾಖಲೆಗೆ ಸಾಗಿಸುತ್ತಾರೆ. ಪಹಣಿಯಲ್ಲಿ ಒಂದು ಹೆಸರು, ಗುರುತಿನ ಚೀಟಿಯಲ್ಲಿ ಇನ್ನೊಂದು ಹೆಸರು ಎಂದಾದರೆ ರೈತನೊಬ್ಬ ಎಷ್ಟು ಸಲ ಕಚೇರಿಗೆ ಅಲೆಯಬೇಕೆಂದು ನಮ್ಮ ಹಳ್ಳಿಗಳವರಿಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿ ‘ಪಾವರ್ತಿ’ ಎಂದಾದರೆ ಅದು ನಗೆಯ ಮಾತಾಗಿ ಉಳಿಯುವುದಿಲ್ಲ. ಇನ್ನು ಅರ್ಥವನ್ನು ಅಲಂಕಾರದಲ್ಲಿ ಅಡಗಿಸುವ ಅಭ್ಯಾಸಕ್ಕಂತೂ ಯೂನಿಕೋಡ್ ಮದ್ದಲ್ಲ. ಇಂದಿಗೂ ಎಕ್ಸೆಲ್‌ನಲ್ಲಿ ಹಣ ಕೊಡದವರ ಸಾಲಿಗೆ ಕೆಂಪು, ಕೊಟ್ಟವರ ಸಾಲಿಗೆ ಹಸಿರು ಬಳಿದು, ಬೇರೇನನ್ನೂ ಬರೆಯದೆ ಬಿಡುವವರನ್ನು ನಾನು ನೋಡುತ್ತಲೇ ಇದ್ದೇನೆ. ಆ ಬಣ್ಣ ಮುಂದಿನ ಕಡತಕ್ಕೆ ಹೋಗುವುದಿಲ್ಲ.

ನಿಮ್ಮಲ್ಲಿ ಬಹಳ ಮಂದಿ ಇಂಥ ಮಾಹಿತಿಯನ್ನು ಕಾಯುವ ಕೆಲಸದಲ್ಲಿದ್ದೀರಿ. ತಾಲ್ಲೂಕು ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಬೆಂಗಳೂರಿನ ಕಂಪನಿಗಳಲ್ಲಿ. ನಿಮ್ಮ ಪರದೆಯ ಮೇಲಿನ ಒಂದೊಂದು ಸಾಲಿನ ಹಿಂದೆಯೂ ಒಂದು ಮನೆಯಿದೆ. ಸಾಗಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಬರಹದ ಉಡುಪನ್ನೆಲ್ಲ ಕಳಚಿದರೆ ಹೇಳಬೇಕಾದದ್ದು ಇನ್ನೂ ಉಳಿದಿರುತ್ತದೆಯೇ? ಉಳಿಯುವುದಿಲ್ಲವೆಂದಾದರೆ ಮೊದಲು ಅದನ್ನು ಮಾತಿನಲ್ಲಿ ಬರೆದಿಡಿ.

ಹೆಸರುಪಟ್ಟಿ ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗಲಿದೆ. ನಿಮ್ಮ ಹೆಸರು, ಮನೆಯವರ ಹೆಸರು ಹೇಗೆ ಬರೆಯುತ್ತೀರಿ ಎಂಬುದನ್ನು ಒಂದು ಸಾಲು ಬರೆದು ತಿಳಿಸಿ. ಅಗಲಿದವರ ವಿಷಯವೇನಾದರೂ ಇದ್ದರೆ ಅದನ್ನೂ ಸಂಕೋಚವಿಲ್ಲದೆ ತಿಳಿಸಿ. ಅದನ್ನು ಅದರ ಖಾನೆಯಲ್ಲಿ, ಅಕ್ಷರಗಳಲ್ಲಿಯೇ ಬರೆಯುತ್ತೇನೆ. ಆ ತಾಯಿ ಈಗಲೂ ಇದ್ದಾರೆ. ಈ ಸಲ ಮೊದಲ ಪ್ರತಿಯನ್ನು ನಾನೇ ಅವರ ಮನೆಗೆ ಕೊಂಡೊಯ್ಯಬೇಕೆಂದಿದ್ದೇನೆ.

ಎಲ್ಲರಿಗೂ ಶುಭವಾಗಲಿ.

ನಿಮ್ಮ ಹಳೆಯ ಮೇಷ್ಟ್ರು